ಪಂಚ್ ಲೆಕ್ಕದಲ್ಲಿ ನಮ್ಮ ಹುಡುಗ ಮುಂದೆ, ತೀರ್ಪಿನಲ್ಲಿ ಸೋಲು. ಲೆಕ್ಕ ಸರಿ ಇದೆಯಾ?

ಕೊತ್ರೂಡ್_ಕಾರ್ನರ್ (ಪುಣೆ):

ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಸಣ್ಣ ಬಾಕ್ಸಿಂಗ್ ಕ್ಲಬ್‌ನಲ್ಲಿ ಹುಡುಗರ ಬೌಟ್‌ಗಳನ್ನು (ಪಂದ್ಯಗಳನ್ನು) ಫೋನ್‌ನಲ್ಲಿ ರೆಕಾರ್ಡ್ ಮಾಡಿ, ಪಂಚ್ ಎಣಿಸಿ ಎಕ್ಸೆಲ್‌ಗೆ ಹಾಕುವುದು ನನ್ನ ಕೆಲಸ. ನಮ್ಮ ಮರಾಠಿ ಕೋಚ್‌ಗೆ ಅಂಕಿ ಅಂದ್ರೆ ಪ್ರಾಣ. ಕಳೆದ ಭಾನುವಾರ ನಮ್ಮ ನೀಲಿ ಕಾರ್ನರ್ ಹುಡುಗ ಐದು ಜಡ್ಜ್‌ಗಳ ತೀರ್ಪಿನಲ್ಲಿ 3-2ರಲ್ಲಿ ಸೋತ. ಆದರೆ ನನ್ನ ಶೀಟ್‌ನಲ್ಲಿ ಅವನು ತಾಗಿಸಿದ ಪಂಚ್ 59, ಕೆಂಪಿನವನದು 43. ಈ ಶೀಟ್ ಹಿಡಿದು ದೂರು ಕೊಡೋಣ ಅಂತ ಕ್ಲಬ್‌ನವರು ಹಟ ಹಿಡಿದಿದ್ದಾರೆ. ಕೊಡಬಹುದಾ? ಲೆಕ್ಕದಲ್ಲಿ ಏನಾದರೂ ಎಡವಟ್ಟು ಇದ್ದರೆ ಹೇಗೆ ಹುಡುಕೋದು?

ಡೊಂಬಿವಲಿ_ಜ್ಯಾಬ್:

ಮೊದಲು ರೌಂಡ್ ವಾರು ಹಾಕಿ ಸರ್. ಒಟ್ಟು ಮೊತ್ತ ನೋಡಿ ಏನೂ ಹೇಳೋಕಾಗಲ್ಲ. ಇನ್ನೆರಡು ಪ್ರಶ್ನೆ: ಎಣಿಸಿದ್ದು ಒಬ್ಬರೇನಾ? ಫೋನ್ ಎಲ್ಲಿತ್ತು?

ಕೊತ್ರೂಡ್_ಕಾರ್ನರ್:

ಮೊದಲ ರೌಂಡ್ 30-10. ಎರಡನೆಯದು 14-16. ಮೂರನೆಯದು 15-17. ಇಬ್ಬರನ್ನೂ ನಾನೊಬ್ಬನೇ ಎಣಿಸಿದ್ದು. ಫೋನ್ ನಮ್ಮ ಕಾರ್ನರ್ ಪಕ್ಕದ ಸ್ಟ್ಯಾಂಡ್ ಮೇಲೆ, ಸೆಕೆಂಡಿಗೆ 30 ಫ್ರೇಮ್‌ನಲ್ಲಿ.

ಡೊಂಬಿವಲಿ_ಜ್ಯಾಬ್:

ನಿಮ್ಮ ಉತ್ತರ ಅರ್ಧ ಅಲ್ಲೇ ಇದೆ ನೋಡಿ. ನಿಮ್ಮ ಅಂಕಿಯ ಪ್ರಕಾರವೇ ಕೆಂಪಿನವನು ಎರಡು ರೌಂಡ್ ಗೆದ್ದ. ಪ್ರತಿ ರೌಂಡ್‌ಗೂ 10-9 (ಗೆದ್ದವನಿಗೆ 10, ಸೋತವನಿಗೆ 9) ಕೊಟ್ಟರೆ 29-28, ಕೆಂಪಿನವನ ಪರ. ಜಡ್ಜ್‌ಗಳ ಸ್ಕೋರ್ ಶೀಟ್ ಸಿಕ್ಕರೆ ಮೊದಲ ರೌಂಡ್‌ಗೆ ಯಾರಾದರೂ 10-8 ಕೊಟ್ಟಿದ್ದಾರಾ ನೋಡಿ. ಆಗ 28-28 ಆಗಿ, ಗೆದ್ದವರು ಯಾರು ಅಂತ ಆ ಜಡ್ಜ್ ಆರಿಸಬೇಕಾಗುತ್ತೆ. ನಿಮ್ಮ ಕಡೆ ಬಿದ್ದ ಎರಡು ಮತ ಹಾಗೇ ಬಂದಿರಬಹುದು.

ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮೇರಿ ಕೋಮ್‌ಗೆ ಆಗಿದ್ದು ಇದೇ ಗೋಜಲು, ಉಲ್ಟಾ ಕಡೆಯಿಂದ. ಇಂಗ್ರಿಟ್ ವಲೆನ್ಸಿಯಾ ವಿರುದ್ಧ ಐದರಲ್ಲಿ ಮೂರು ಜಡ್ಜ್‌ಗಳು ಎರಡನೇ, ಮೂರನೇ ರೌಂಡ್ ಮೇರಿಗೇ ಕೊಟ್ಟಿದ್ದರು. ಆದರೆ ಮೊದಲ ರೌಂಡ್ 4-1 ವಲೆನ್ಸಿಯಾ ಕಡೆ ಹೋಗಿತ್ತು. ಕೊನೆಗೆ 3-2ರಲ್ಲಿ ಮೇರಿ ಸೋತರು. ಎರಡು ರೌಂಡ್ ಗೆದ್ದೂ ಸೋಲು ಹೇಗೆ ಅಂತ ಊರೆಲ್ಲ ಕೇಳಿತ್ತು. ಪ್ರತಿ ಜಡ್ಜ್‌ನ ಶೀಟ್ ಬೇರೆ ಬೇರೆಯಾಗಿ ಕೂಡಬೇಕು, ಅಷ್ಟೇ.

ಮಾಟುಂಗಾ_ಸೌತ್‌ಪಾ:

ಶೀಟ್ ಕೂಡುವ ಮಾತು ಸರಿ. ಆದರೆ ಆ 14-16 ನಿಜವಾಗಿ 14-16ಏನಾ? ನನಗೆ ಅಲ್ಲೇ ಅನುಮಾನ.

ಟಿವಿಯಲ್ಲಿ ಬರುವ ಕಾಂಪ್ಯೂಬಾಕ್ಸ್ ಪಂಚ್ ಅಂಕಿಯನ್ನು ಯಂತ್ರ ಎಣಿಸುತ್ತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. 1985ರಿಂದಲೂ ಅದು ಮನುಷ್ಯರ ಕೈಲೆಕ್ಕವೇ. ಇಬ್ಬರು ಕೂತಿರುತ್ತಾರೆ, ಒಬ್ಬರಿಗೆ ಒಬ್ಬನೇ ಬಾಕ್ಸರ್. ಜ್ಯಾಬ್ (ಮುಂದಿನ ಕೈಯ ನೇರ ಪಂಚ್) ತಾಗಿತು, ಜ್ಯಾಬ್ ತಪ್ಪಿತು, ಪವರ್ ತಾಗಿತು, ಪವರ್ ತಪ್ಪಿತು ಅಂತ ನಾಲ್ಕು ಕೀ. ಪವರ್ ಅಂದ್ರೆ ಬಲವಾದ ಹೊಡೆತ ಅಂತಲ್ಲ, ಜ್ಯಾಬ್ ಅಲ್ಲದ್ದೆಲ್ಲ ಪವರ್. ಸುಮ್ನೆ ಸವರಿ ಹೋದ ಹುಕ್ ಕೂಡ ಒಂದು, ಎದುರಾಳಿಯ ಮೊಣಕಾಲು ಮಡಿಸಿದ ರೈಟ್ ಕೂಡ ಒಂದು. ಜಡ್ಜ್‌ಗೆ ಇವೆರಡೂ ಒಂದೇ ಅಲ್ಲ. ನಮ್ಮ ಹುಡುಗರ ಬಾಕ್ಸಿಂಗ್‌ನಲ್ಲಿ ಮೊದಲು ನೋಡೋದೇ ಗುಣಮಟ್ಟದ ಹೊಡೆತ: ಗ್ಲವ್‌ನ ಗೆಣ್ಣಿನ ಭಾಗ, ತಲೆಯ ಅಥವಾ ಮೈಯ ಮುಂಭಾಗ ಇಲ್ಲವೇ ಪಕ್ಕಕ್ಕೆ, ಬೆಲ್ಟ್‌ಗಿಂತ ಮೇಲೆ.

ಈಗ ನಿಮ್ಮ ವಿಡಿಯೋ ತೆಗೆದು ಎರಡನೇ ರೌಂಡನ್ನು ನಿಧಾನವಾಗಿ ಓಡಿಸಿ. ನಿಮ್ಮ ಹುಡುಗ ಜ್ಯಾಬ್ ಹಾಕ್ತಾನೆ. ಕೆಂಪಿನವನು ಹಣೆ ಮುಂದೆ ಗ್ಲವ್ ಇಟ್ಟಿದ್ದಾನೆ. ಗ್ಲವ್‌ಗೆ ಗ್ಲವ್ ಬಡಿದು 'ಪಟ್' ಅಂತ ಸದ್ದು, ಹಿಂದೆ ನಿಮ್ಮ ಹುಡುಗರು 'ಮಾರ್, ಮಾರ್' ಅಂತ ಕಿರುಚಾಟ. ತಲೆ ಸ್ವಲ್ಪ ಹಿಂದೆ ಹೋಯ್ತು. ಇದು ತಾಗಿದ್ದಾ, ತಪ್ಪಿದ್ದಾ? ಸದ್ದು ಕೇಳಿ ಬಟನ್ ಒತ್ತುವವರೇ ಜಾಸ್ತಿ. ಅದಕ್ಕೇ ಧ್ವನಿ ಬಂದ್ ಮಾಡಿ ಎಣಿಸಿ. ಇನ್ನೊಬ್ಬರನ್ನು ಕೂರಿಸಿ, ನಿಮ್ಮ ಅಂಕಿ ತೋರಿಸದೆ ಎಣಿಸಲು ಹೇಳಿ, ಒಬ್ಬರಿಗೆ ಒಬ್ಬನೇ ಬಾಕ್ಸರ್. ಆಮೇಲೆ ಬಾಕ್ಸರ್ ಬದಲಿಸಿಕೊಂಡು ಇನ್ನೊಮ್ಮೆ. ನಿಮ್ಮಿಬ್ಬರಲ್ಲೇ ಎರಡು ಮೂರು ಪಂಚ್ ವ್ಯತ್ಯಾಸ ಬಂದರೆ, 14-16 ಅನ್ನೋದನ್ನು ಹಿಡಿದು ಯಾರ ಜೊತೆಗೂ ಜಗಳ ಆಡೋ ಹಾಗಿಲ್ಲ.

1987ರ ಹ್ಯಾಗ್ಲರ್-ಲೆನಾರ್ಡ್ ಬೌಟ್‌ನಲ್ಲಿ ಲೆನಾರ್ಡ್ ತಾಗಿಸಿದ್ದು 306, ಹ್ಯಾಗ್ಲರ್ 291. ಹನ್ನೆರಡು ರೌಂಡ್‌ಗೆ ಹದಿನೈದು ಪಂಚ್ ವ್ಯತ್ಯಾಸ. ಗೆಲ್ಲಬೇಕಿದ್ದವರು ಯಾರು ಅಂತ ಇಂದಿಗೂ ಜನ ವಾದ ಮಾಡ್ತಾರೆ, ಅಂಕಿಯಿಂದ ವಾದ ಮುಗಿದಿಲ್ಲ.

ಮಡಗಾಂವ್_ಬೆಂಚ್:

ಹಾಗಾದ್ರೆ ಎಣಿಸೋದೇ ದಂಡ ಅನ್ನಿ 😀

ಮಾಟುಂಗಾ_ಸೌತ್‌ಪಾ:

ಹಾಗಲ್ಲ ಮಾರಾಯ್ರೆ. 1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ತಾಗಿಸಿದ್ದು ರಾಯ್ ಜೋನ್ಸ್ 86, ಪಾರ್ಕ್ ಸಿ-ಹುನ್ 32. ಗೆಲುವು ಪಾರ್ಕ್‌ಗೆ ಹೋಯ್ತು. ಅಷ್ಟು ಅಂತರ ಯಾರ ಕಣ್ಣಿನ ತಪ್ಪಿಗೂ ಸಿಗೋದಲ್ಲ. 2012ರಲ್ಲಿ ಪ್ಯಾಕ್ವಿಯಾವೊ 253, ಬ್ರಾಡ್ಲಿ 159. ಇಬ್ಬರು ಜಡ್ಜ್‌ಗಳು 115-113 ಅಂತ ಬ್ರಾಡ್ಲಿಗೆ ಕೊಟ್ಟರು. ಆಮೇಲೆ ಡಬ್ಲ್ಯುಬಿಒ (ವೃತ್ತಿಪರ ಬಾಕ್ಸಿಂಗ್ ಸಂಸ್ಥೆ) ಐದು ಜನರಿಂದ ವಿಡಿಯೋ ನೋಡಿಸಿತು, ಐವರೂ ಪ್ಯಾಕ್ವಿಯಾವೊ ಅಂದರು. ಫಲಿತಾಂಶ ಮಾತ್ರ ಬದಲಾಗಲಿಲ್ಲ. ಅಂತರ ದೊಡ್ಡದಿದ್ದು, ರೌಂಡ್ ಮೇಲೆ ರೌಂಡ್ ಹಾಗೇ ಇದ್ದರೆ ಅಂಕಿ ನಂಬಬಹುದು. ಬೀಸಿದ ಪಂಚ್‌ನ ಲೆಕ್ಕವೂ ಗಟ್ಟಿ, ಕೈ ಹೊರಗೆ ಬಂತೋ ಇಲ್ಲವೋ ಅಷ್ಟೇ ತಾನೆ. ತಾಗಿದ್ದರ ಲೆಕ್ಕವೇ ಜಾರೋದು.

ಪೂರಾ ಎಣಿಕೆಗೇ ಬಿಟ್ಟರೆ ಏನಾಗುತ್ತೆ ಅನ್ನೋದನ್ನೂ ನೋಡಿಯಾಗಿದೆ. 1992ರ ಬಾರ್ಸಿಲೋನಾದಿಂದ ಒಲಿಂಪಿಕ್ಸ್‌ನಲ್ಲಿ ಐದರಲ್ಲಿ ಮೂರು ಜಡ್ಜ್‌ಗಳು ಒಂದು ಸೆಕೆಂಡ್ ಒಳಗೆ ಬಟನ್ ಒತ್ತಿದರೆ ಮಾತ್ರ ಒಂದು ಪಾಯಿಂಟ್ ಅಂತ ಮಾಡಿದರು. ಹೊಟ್ಟೆಗೆ ಬಿದ್ದ ಹೊಡೆತಕ್ಕೆ ಪಾಯಿಂಟ್ ಸಿಗೋದೇ ಅಪರೂಪ ಆಯ್ತು. ತಲೆಗೆ ಎದ್ದು ಕಾಣೋ ಹಾಗೆ ಒಂದು ಹಾಕಿ ದೂರ ಸರಿಯೋದನ್ನು ಹುಡುಗರು ಕಲಿತರು. 2013ರಲ್ಲಿ ಅದನ್ನು ಕೈಬಿಟ್ಟರು. ಒಳ್ಳೇದೇ ಆಯ್ತು ಅನ್ನೋದು ನನ್ನ ಅಭಿಪ್ರಾಯ.

ದೂರಿನ ವಿಷಯ: 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ವಿಕಾಸ್ ಕೃಷ್ಣನ್ 13-11ರಲ್ಲಿ ಎರಲ್ ಸ್ಪೆನ್ಸ್‌ನನ್ನು ಸೋಲಿಸಿದ್ದು ಮೇಲ್ಮನವಿಯಲ್ಲಿ ತಿರುಗಿಬಿತ್ತಲ್ಲ, ಅದು ಪಂಚ್ ಮರು ಎಣಿಕೆಯಿಂದಲ್ಲ. ಹಿಡಿದುಕೊಂಡಿದ್ದು, ಗಮ್‌ಶೀಲ್ಡ್ (ಹಲ್ಲಿನ ರಕ್ಷಾ ಕವಚ) ಉಗುಳಿದ್ದು ಫೌಲ್ ಅಂತ ಸ್ಪೆನ್ಸ್‌ಗೆ ಪಾಯಿಂಟ್ ಸೇರಿಸಿದರು. ಎಕ್ಸೆಲ್ ಶೀಟ್ ತೋರಿಸಿದರೆ ಯಾರೂ ಮೂಸಿ ನೋಡಲ್ಲ.

ಕೊತ್ರೂಡ್_ಕಾರ್ನರ್:

ಇಬ್ಬರು ಕೂತು, ಧ್ವನಿ ಬಂದ್ ಮಾಡಿ ಮತ್ತೆ ಎಣಿಸಿದೆವು. ಬೀಸಿದ್ದರ ಲೆಕ್ಕ ಹೆಚ್ಚುಕಡಿಮೆ ಒಂದೇ ಬಂತು. ತಾಗಿದ್ದು ಎರಡನೇ ರೌಂಡ್‌ನಲ್ಲಿ ನನಗೆ 12-16, ಇನ್ನೊಬ್ಬರಿಗೆ 11-19. ಕೆಂಪಿನವನು ಹತ್ತಿರ ಬಂದು ಪಕ್ಕೆಗೆ ಹಾಕಿದಾಗಲೆಲ್ಲ ನಮ್ಮ ಹುಡುಗನ ಬೆನ್ನು ಕ್ಯಾಮೆರಾಗೆ ಅಡ್ಡ, ಗ್ಲವ್ ಎಲ್ಲಿ ಬಿತ್ತು ಅಂತ ಕಾಣೋದೇ ಇಲ್ಲ. ಶೀಟ್‌ಗೆ 'ಗೊತ್ತಾಗಲಿಲ್ಲ' ಅಂತ ಐದನೇ ಬಟನ್ ಸೇರಿಸಿದ್ದೇನೆ. ದೂರಿನ ಮಾತು ಸದ್ಯಕ್ಕೆ ನಿಂತಿದೆ. ಕೋಚ್ ಈಗ ಮೊಣಕೈ ಇಳಿಸೋ ಗಾರ್ಡ್ ಮಾಡಿಸ್ತಿದ್ದಾರೆ.

ಡೊಂಬಿವಲಿ_ಜ್ಯಾಬ್:

ಐದನೇ ಬಟನ್ ಸೂಪರ್. ಇನ್ನೊಂದು ಫೋನ್ ನ್ಯೂಟ್ರಲ್ ಕಾರ್ನರ್‌ನಲ್ಲಿ (ಕೆಂಪು, ನೀಲಿ ಎರಡೂ ಅಲ್ಲದ ಮೂಲೆ) ಇಡಿ, ಎರಡರಲ್ಲೂ 60 ಫ್ರೇಮ್ ಹಾಕಿ. ಆ ಕಾಲಂ ಆಮೇಲೂ ತುಂಬ್ತಾ ಇದ್ದರೆ ಇಲ್ಲಿ ಹಾಕಿ, ನೋಡೋಣ.