ಪಿಸಿವಿಯಲ್ಲಿರುವ ‘ಪಾಸಿಟಿವ್’ ಯಾವ ಪಾಸಿಟಿವ್?

ಪ್ರಶ್ನೆ, ಕಲಬುರಗಿಯಿಂದ:

ಮೋಟಾರ್ ಮೆಕ್ಯಾನಿಕ್ ಟ್ರೇಡಿನ ಹುಡುಗರಿಗೆ ಕನ್ನಡದಲ್ಲಿ ಪಾಠ ಬರೆಯುತ್ತಿದ್ದೇವೆ. ‘ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಶನ್’ (ಪಿಸಿವಿ) ಅನ್ನುವುದು ಕರಡಿನಲ್ಲಿ ‘ಧನಾತ್ಮಕ ಕ್ರ್ಯಾಂಕ್‌ಪೆಟ್ಟಿಗೆ ವಾತಾಯನ’ ಆಗಿದೆ. ಚಳಿದೇಶದ ಕಾರುಗಳ ‘ಆ್ಯಂಟಿ ಐಸಿಂಗ್’ಗೆ ‘ಮಂಜು ನಿರೋಧಕ’ ಅಂತ ಹಾಕಿದ್ದಾರೆ. ಎರಡೂ ಹೊಂದುತ್ತಿಲ್ಲ. ‘ಬ್ಲೋ-ಬೈ’ಗೂ ಒಂದು ಮಾತು ಬೇಕು. ತಿಳಿದವರು ಹೇಳಬೇಕು.

ಉತ್ತರ, ಬೀದರಿನಿಂದ:

ಸರ್, ಮೊದಲು ಆ ‘ಧನಾತ್ಮಕ’ವನ್ನು ಕಿತ್ತು ಹಾಕಿರಿ. ಇಲ್ಲಿ ಪಾಸಿಟಿವ್ ಅಂದರೆ ಧನ-ಋಣದ ಧನ ಅಲ್ಲ. ತಾನಾಗಿ ಹೋದರೆ ಹೋಗಲಿ ಎಂದು ಬಿಡದೆ, ಖಾತ್ರಿಯಾಗಿ ಎಳೆದು ತೆಗೆಯುವುದು. ಹಳೆಯ ಎಂಜಿನ್ನುಗಳಲ್ಲಿ ಕ್ರ್ಯಾಂಕ್‌ಕೇಸಿನ, ಅಂದರೆ ಎಂಜಿನ್ನಿನ ಕೆಳಗೆ ಕ್ರ್ಯಾಂಕ್ ತಿರುಗುವ ಪೆಟ್ಟಿಗೆಯ, ಹೊಗೆ ಕೆಳಗಿನ ಕೊಳವೆಯಿಂದ ರಸ್ತೆಗೆ ಹೋಗುತ್ತಿತ್ತು, ಅದೂ ಗಾಡಿ ಓಡುವಾಗ ಮಾತ್ರ ಸರಿಯಾಗಿ. 1961ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಹೊಸ ಕಾರುಗಳಿಗೆ ಪಿಸಿವಿ ವಾಲ್ವ್ ಬಂತು. ಸಿಲಿಂಡರುಗಳಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡಿನ ವ್ಯಾಕ್ಯೂಮ್ ಆ ಹೊಗೆಯನ್ನು ಹೀರಿ ಮತ್ತೆ ಸುಡಲು ಕಳಿಸುತ್ತದೆ. ಎಲ್ಲ ಸರಿಯಿದ್ದಾಗ ಕ್ರ್ಯಾಂಕ್‌ಕೇಸಿನ ಒತ್ತಡ ಹೊರಗಿನ ಗಾಳಿಗಿಂತ ತುಸು ಕಡಿಮೆಯೇ ಇರುತ್ತದೆ. ಧನ ಎಲ್ಲಿಂದ ಬಂತು? ‘ವಾತಾಯನ’ಕ್ಕೆ ಕಿಟಕಿ ಅನ್ನುವ ಅರ್ಥವೂ ಇದೆ, ಅದೂ ಬೇಡ. ಗ್ಯಾರೇಜಿನಲ್ಲಿ ಬ್ರೀದರ್, ಅಂದರೆ ಈ ಹೊಗೆ ಹೊರಬರುವ ದಾರಿ, ಎಲ್ಲರಿಗೂ ಗೊತ್ತು. ‘ಹೀರು ಬ್ರೀದರ್’ ಅಂದರೆ ಸಾಕು.

ಪಿಸ್ಟನ್ ರಿಂಗುಗಳನ್ನು ದಾಟಿ ಕ್ರ್ಯಾಂಕ್‌ಕೇಸಿಗೆ ಇಳಿಯುವ ಗ್ಯಾಸೇ ಬ್ಲೋ-ಬೈ. ಅದಕ್ಕೆ ನಮ್ಮ ಕಡೆ ‘ಬ್ಯಾಕ್ ಕಂಪ್ರೆಶನ್’ ಅನ್ನುತ್ತಾರೆ. ಆದರೆ ‘ಬ್ಯಾಕ್ ಕಂಪ್ರೆಶನ್ ಹೊಡಿಲಿಕತ್ತದ’ ಅಂದರೆ ರಿಂಗು ಸವೆದಿವೆ, ಎಂಜಿನ್ ಬಿಚ್ಚಬೇಕು ಎಂದರ್ಥ. ಹೊಸ ಎಂಜಿನ್ನಲ್ಲೂ ಒಂದಿಷ್ಟು ಗ್ಯಾಸ್ ರಿಂಗಿನ ಸಂದಿಯಿಂದ ಇಳಿದೇ ಇಳಿಯುತ್ತದೆ. ರೋಗದ ಹೆಸರನ್ನು ಸಹಜ ಸಂಗತಿಗೆ ಇಡಬಾರದು. ಪಾಠದಲ್ಲಿ ‘ರಿಂಗ್ ದಾಟಿದ ಗ್ಯಾಸ್’ ಎಂದು ಬರೆಯಿರಿ.

‘ಮಂಜು ನಿರೋಧಕ’ ಓದಿದವನು ಮುಂದಿನ ಗಾಜಿನ ಮಂಜು ಒರೆಸುವ ಡಿಫಾಗರ್ ಎಂದೇ ತಿಳಿಯುತ್ತಾನೆ. ಇಲ್ಲಿ ಬೇಕಾದ ಮಾತು ‘ಬರ್ಫ’, ಅಂದರೆ ಹೆಪ್ಪುಗಟ್ಟಿದ ನೀರು. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಅದರ ಆವಿಯಲ್ಲಿ ಸ್ವಲ್ಪ ರಿಂಗ್ ದಾಟಿ ಕೆಳಗಿಳಿಯುತ್ತದೆ. ಸೊನ್ನೆಗಿಂತ ಬಹಳ ಕೆಳಗಿನ ಚಳಿಯಲ್ಲಿ ಬ್ರೀದರ್ ಪೈಪು ಇನ್‌ಟೇಕಿನ ತಣ್ಣನೆ ಗಾಳಿಗೆ ಕೂಡುವ ಬಾಯಲ್ಲೇ ಅದು ಬರ್ಫವಾಗಿ ಕೂರುತ್ತದೆ. ದಾರಿ ಮುಚ್ಚಿದ ಗ್ಯಾಸು ಆಯಿಲ್ ಗೇಜಿನ ಕಡ್ಡಿಯನ್ನು ಮೇಲೆತ್ತುತ್ತದೆ, ಕ್ರ್ಯಾಂಕಿನ ಸೀಲಿನಿಂದ ಆಯಿಲನ್ನು ಹೊರದಬ್ಬುತ್ತದೆ. ಅದಕ್ಕೇ ಆ ಬಾಯಿಗೆ ಪುಟ್ಟ ಕರೆಂಟ್ ಹೀಟರ್ ಇಡುತ್ತಾರೆ, ಇಲ್ಲವೆ ಬಿಸಿ ಕೂಲಂಟನ್ನು ಪಕ್ಕದಲ್ಲಿ ಹಾಯಿಸುತ್ತಾರೆ. ಪೈಪಿಗೆ ಫೋಮಿನ ತೋಳು ತೊಡಿಸಿ, ಎಲ್ಲೂ ಜೋತುಬೀಳದಂತೆ ಎಂಜಿನ್ ಕಡೆಗೆ ಇಳಿಜಾರು ಕೊಡುವುದೂ ಉಂಟು. ಇದಕ್ಕೆಲ್ಲ ಸೇರಿ ‘ಬರ್ಫ ತಡೆ’ ಅನ್ನಬಹುದು.

ಬೀದರಿನ ಚಳಿ ಹತ್ತು ಡಿಗ್ರಿಯ ಆಸುಪಾಸಿಗೆ ಇಳಿದರೂ ಬ್ರೀದರಿನಲ್ಲಿ ಬರ್ಫ ಕಟ್ಟುವುದಿಲ್ಲ. ಕಟ್ಟುವುದು ಆಯಿಲ್ ಮುಚ್ಚಳದ ಒಳಮೈಗೆ ಹಾಲು ಬೆರೆತ ಚಹಾದ ಬಣ್ಣದ ಲೋಳೆ. ದಿನಾ ಎರಡು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಯಲ್ಲಿ ಇದು ಹೆಚ್ಚು. ಅರ್ಧ ಗಂಟೆ ಬಿಡದೆ ಓಡಿಸಿದರೆ ಆಯಿಲ್ ಕಾದು ನೀರು ಆವಿಯಾಗುತ್ತದೆ. ಗೇಜಿನ ಕಡ್ಡಿಯ ಆಯಿಲೂ ಹಾಲಾಗಿ, ಕೂಲಂಟೂ ಇಳಿಯುತ್ತಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ (ಆಯಿಲೂ ಕೂಲಂಟೂ ಬೆರೆಯದಂತೆ ತಡೆಯುವ ಪದರ) ನೋಡಬೇಕು.

ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬುರೇಟರಿನ ಬರ್ಫ ಬೇರೆ. ಪೆಟ್ರೋಲ್ ಆವಿಯಾಗುತ್ತ ಶಾಖ ಹೀರುವುದರಿಂದ ಹೊರಗೆ ಸೊನ್ನೆಗಿಂತ ಮೇಲಿದ್ದರೂ, ಗಾಳಿ ತೇವವಾಗಿದ್ದರೆ, ಅದರ ಗಂಟಲಲ್ಲಿ ಕಟ್ಟಬಹುದು. ಒಂದೇ ಪಾಠದಲ್ಲಿ ಎರಡನ್ನೂ ಬರೀ ‘ಐಸಿಂಗ್’ ಎಂದರೆ ಹುಡುಗರು ಕಲಸಿಬಿಡುತ್ತಾರೆ.

‘ಹೀರು’ ಅನ್ನುವ ಮಾತು ಮನಸ್ಸಿನಲ್ಲಿ ಕೂರಬೇಕಾದರೆ ಹೀಗೆ ಮಾಡಿಸಿರಿ. ಎಂಜಿನ್ ಐಡಲಿನಲ್ಲಿರಲಿ. ಆಯಿಲ್ ಮುಚ್ಚಳ ತೆಗೆದು ಬಾಯಿಯ ಮೇಲೆ ನೋಟ್‌ಬುಕ್ಕಿನ ಹಾಳೆ ಇಡಿ. ಹಾಳೆ ಮೆಲ್ಲಗೆ ಒಳಗೆ ಅಂಟಿಕೊಂಡರೆ ಬ್ರೀದರ್ ಹೀರುತ್ತಿದೆ. ಹಾರಿಬಿದ್ದರೆ ವಾಲ್ವ್ ಬಿಚ್ಚಿ ಅಲ್ಲಾಡಿಸಿ: ಟಕ್‌ಟಕ್ ಅನ್ನದಿದ್ದರೆ ಒಳಗೆ ಸಿಕ್ಕಿಕೊಂಡಿದೆ. ವಾಲ್ವೂ ಪೈಪೂ ಸರಿಯಿದ್ದು ಹಾಳೆ ಹಾರುತ್ತಿದ್ದರೆ, ಆಗ ‘ಬ್ಯಾಕ್ ಕಂಪ್ರೆಶನ್’ ಅನ್ನಲಿ.