ಶಾಂತಳ್ಳಿ ಮನೆ ಗ್ರೂಪಲ್ಲಿ ನಿನ್ನೆ ರಾತ್ರಿ

ದೊಡ್ಡಪ್ಪ: (ಫಾರ್ವರ್ಡ್) ಕೊಡಗಿನವರೇ ಎಚ್ಚರ!! ಓದಿದ ಮಕ್ಕಳೆಲ್ಲ ಬೆಂಗಳೂರು ಸೇರಿ 10 ವರ್ಷದಲ್ಲಿ ಜಿಲ್ಲೆ ಖಾಲಿ. ತಪ್ಪದೆ ಎಲ್ಲರಿಗೂ ಕಳಿಸಿ

ದೊಡ್ಡಪ್ಪ: ನಾನು ಬಾಯಿ ಬಡ್ಕೊಂಡಿದ್ದೂ ಇದೇ. ಓದಿಸಿದ್ದೇ ತಪ್ಪಾಯ್ತು ಅನ್ನಂಗಾಗಿದೆ

ಕವಿತಕ್ಕ: ದೊಡ್ಡಪ್ಪ ಇದನ್ನ ಬರ್ದೋರು ಯಾರು, ಯಾವ ಲೆಕ್ಕ ನೋಡಿ ಬರ್ದ್ರು? ಜನಗಣತಿಲಿ ಕೊಡಗು 2001ಕ್ಕೆ 5,48,561, 2011ಕ್ಕೆ 5,54,519. ಖಾಲಿ ಎಲ್ಲಾಯ್ತು

ನಾನು: ಅದೇ ಲೆಕ್ಕ ಇನ್ನೊಂದ್ಸಲ ನೋಡಕ್ಕ, ಹತ್ತು ವರ್ಷಕ್ಕೆ ಹೆಚ್ಚಿದ್ದು ಆರು ಸಾವಿರನೂ ಇಲ್ಲ, ಶೇ 1 ಚಿಲ್ರೆ. ರಾಜ್ಯ ಆಗ ಶೇ 15ರ ಮೇಲೆ ಬೆಳೀತು. ಹುಟ್ಟಿದ ಮಕ್ಕಳೆಲ್ಲ ಎಲ್ಲಿಗೆ ಹೋದ್ರು?

ಕವಿತಕ್ಕ: ಹುಟ್ಟೋದೂ ಕಮ್ಮಿ ಆಗಿದೆ ಕಣೋ. ಎಲ್ಲಾ ಓದಿನ ತಲೆಗೆ ಕಟ್ಬೇಡ

ರಘು ಅಣ್ಣ ಬೆಂಗ್ಳೂರು: ದೊಡ್ಡಪ್ಪ ಈ ಮೆಸೇಜು ನಂಗೇ ಅಂತ ಗೊತ್ತು. ಮೆಕ್ಯಾನಿಕಲ್ ಓದಿದೋನು ಸೋಮವಾರಪೇಟೆಲಿ ಯಾವ ಫ್ಯಾಕ್ಟರಿಗೆ ಹೋಗ್ಬೇಕಿತ್ತು ಹೇಳಿ

ದೊಡ್ಡಪ್ಪ: ನಾನು ಯಾರ ಹೆಸ್ರೂ ತೆಗ್ದಿಲ್ಲ. ದೊಡ್ಡೋರ ಹತ್ರ ಮಾತಾಡೋ ರೀತಿನಾ ಇದು? ಹುಟ್ಟಿದ ಮಣ್ಣು ಮರೆತೋರು ಉದ್ಧಾರ ಆಗಿದ್ದು ನಾನಂತೂ ನೋಡಿಲ್ಲ

ಪ್ರದೀಪ ಭಾವ: ನಮ್ ಕಾಲದಲ್ಲಿ ಮಡಿಕೇರಿ ಕಾಲೇಜೇ ಫಾರಿನ್ನು. ಬೆಳಗಿನ ಬಸ್ಸು ತಪ್ಪಿದ್ರೆ ಅವತ್ತು ಕ್ಲಾಸಿಲ್ಲ, ಜುಲೈ ಮಳೇಲಿ ಒದ್ದೆ ಪ್ಯಾಂಟಲ್ಲೇ ಸಂಜೆ ತನಕ ಕೂರ್ತಿದ್ವಿ, ಏಲಕ್ಕಿ ಮಾರಿದ ದುಡ್ಡಲ್ಲಿ ಫೀಸು, ಪುಸ್ತಕದಲ್ಲೆಲ್ಲ ಏಲಕ್ಕಿ ವಾಸನೆ. ಆಮೇಲೆ ಏಲಕ್ಕಿ ಗಿಡಕ್ಕೆ ಕಟ್ಟೆ ರೋಗ ಬಂದು ಅದೂ ಹೋಯ್ತು

ಕವಿತಕ್ಕ: ಭಾವ ವಿಷಯಕ್ಕೆ ಬನ್ನಿ. ಪೊನ್ನಂಪೇಟೆಲಿ 1995ರಿಂದ ಅರಣ್ಯ ಕಾಲೇಜಿದೆ, ಮಡಿಕೇರಿಲಿ 2016ರಿಂದ ಮೆಡಿಕಲ್, ಚಿಕ್ಕ ಅಳುವಾರದಲ್ಲಿ 2023ರಿಂದ ಕೊಡಗು ವಿವಿ. 2025ರಲ್ಲಿ ಆ ವಿವಿ ಮುಚ್ಚೋ ಮಾತು ಬಂದಾಗ ಇದೇ ಗ್ರೂಪಲ್ಲಿ ಹಾಕಿದ್ದೆ. ಒಬ್ರೂ ರಿಪ್ಲೈ ಮಾಡ್ಲಿಲ್ಲ. ಈಗ ಎಲ್ರಿಗೂ ಊರಿನ ಚಿಂತೆ

ನಾನು: ಅಕ್ಕ ಕಾಲೇಜು ಬೇಕು, ಅದ್ರಲ್ಲಿ ಎರಡು ಮಾತಿಲ್ಲ, ಹಾಸ್ಟೆಲ್ ದುಡ್ಡಿಲ್ದಿರೋ ಮನೆ ಹೆಣ್ಮಕ್ಳು ಎಂಎ ಮಾಡೋಕೆ ಚಿಕ್ಕ ಅಳುವಾರನೇ ಗತಿ. ಆದ್ರೆ ಮೆಡಿಕಲ್ಲು, ಅರಣ್ಯ ಸೀಟೆಲ್ಲ ಇಡೀ ರಾಜ್ಯದೋರಿಗೆ, ಬಂದೋರು ಓದಿ ಹೋಗ್ತಾರೆ, ನಮ್ಮೋರು ಬೇರೆ ಕಡೆ ಓದಿ ಅಲ್ಲೇ ನಿಲ್ತಾರೆ, ಇಲ್ಲಿ ಕೆಲಸ ಬೇಕಲ್ಲ. ಅಣ್ಣ ಹೋಗಿದ್ದು ತಪ್ಪು ಅಂತ ನಾನು ಯಾವತ್ತೂ ಅಂದಿಲ್ಲ. ಅವನ ಫೀಸಿಗೆ ಮೇಲಿನ ತೋಟದ ಸಿಲ್ವರ್ ಮರ ಕಡಿಸಿದ್ರು, ನೆರಳು ಹೋಗಿ ಆ ಕಾಫಿ ಸುಧಾರಿಸೋಕೆ ವರ್ಷಗಟ್ಲೆ ಹಿಡೀತು, ಅದನ್ನ ನೋಡ್ಕೊಳ್ಳೋಕೆ ಒಬ್ರು ಇರ್ಬೇಕಲ್ಲ ಅಂತ ನನ್ನ ಡಿಗ್ರಿ ಅರ್ಧಕ್ಕೇ ನಿಲ್ಸಿದ್ರು. ಈಗ ನಾಟಿಗೆ ಜನ ಸಿಗಲ್ಲ, ಕೆಳಗಿನ ಗದ್ದೆಲಿ ಬದು ಎಲ್ಲಿತ್ತು ಅಂತಾನೇ ಕಾಣಲ್ಲ. ಕಾಫಿ ಕುಯ್ಯೋಕೆ ಅಸ್ಸಾಂನೋರು ಬಂದ್ರೆ ಉಂಟು, ಇಲ್ಲಾಂದ್ರೆ ಹಣ್ಣು ಗಿಡದಲ್ಲೇ ಒಣಗಿ ಉದುರ್ತದೆ

ರಘು ಅಣ್ಣ ಬೆಂಗ್ಳೂರು: ಮರ ಕಡಿಸಿ ಅಂತ ನಾನು ಕೇಳಿದ್ನಾ? ಅಪ್ಪನ ಆಸ್ಪತ್ರೆ ಬಿಲ್ಲು, ಕಣಕ್ಕೆ ಸಿಮೆಂಟು, ಇದೆಲ್ಲ ಎಲ್ಲಿಂದ ಬಂತು

ನಾನು: ನಿನ್ನಿಂದಾನೇ. ಇಲ್ಲ ಅಂದಿಲ್ಲ

ಪ್ರದೀಪ ಭಾವ: ಆ ಸಿಲ್ವರ್ ಮರಕ್ಕೆ ಏಣಿ ಹಾಕಿ ಮೆಣಸು ಕುಯ್ತಿದ್ವಿ, ನೆನಪಿದ್ಯಾ

ಸಿಂಧು: ತಾತ ಮಧ್ಯೆ ಮಾತಾಡ್ತೀನಿ, ಬೇಜಾರಾಗ್ಬೇಡಿ. ಓದಿಸಿದ್ದು ತಪ್ಪಾಯ್ತು ಅಂತ ಹೇಳಿದಾಗೆಲ್ಲ ಮೊದ್ಲು ನಿಲ್ಸೋದು ನಮ್ಮಂಥ ಹುಡ್ಗೀರನ್ನ. ಊರಲ್ಲಿ ಇರಿ ಅಂತೀರ. ಚಿಕ್ಕ ಮಾಮ ಇಲ್ಲೇ ಇದ್ದಾರೆ, ಜಮೀನಿನ ಆರ್‌ಟಿಸಿ (ಪಹಣಿ) ಇನ್ನೂ ಮುತ್ತಾತನ ಹೆಸರಲ್ಲೇ ಇದೆ. ಹೋದ ವರ್ಷ ಸಾಲ ಕೇಳೋಕೆ ಹೋದಾಗ ಬ್ಯಾಂಕಲ್ಲಿ ನಿಮ್ಮ ಹೆಸರಲ್ಲಿ ಏನಿದೆ ಅಂದ್ರಂತೆ. ಇದ್ದೋರಿಗೇ ಹಿಂಗಾದ್ರೆ ಓದಿದೋರು ಯಾವ ಧೈರ್ಯದ ಮೇಲೆ ವಾಪಸ್ ಬರ್ಬೇಕು?

ಕವಿತಕ್ಕ: ಸಿಂಧು ಸಾಕು

ರಘು ಅಣ್ಣ ಬೆಂಗ್ಳೂರು: ಅವ್ಳು ಹೇಳಿದ್ರಲ್ಲಿ ತಪ್ಪೇನಿದೆ. ಅವನ ಪಾಲು ಅವನ ಹೆಸರಿಗೆ ಮಾಡಿ, ನನ್ನ ಸಹಿ ಎಲ್ಲಿ ಬೇಕಾದ್ರೂ ಹಾಕ್ತೀನಿ

ದೊಡ್ಡಪ್ಪ: ಪಾಲಿನ ಮಾತು ಗ್ರೂಪಲ್ಲಿ ಬೇಡ. ಶಾಂತಳ್ಳಿ ಜಾತ್ರೆಗೆ ಎಲ್ರೂ ಬರ್ತೀರಲ್ಲ, ಆವಾಗ ಕೂತು ಮಾತಾಡೋಣ. ಸಿಂಧು ಕಾಲೇಜಿನ ವಿಷಯನೂ ಆವಾಗ್ಲೇ

ಸಿಂಧು: ತಾತ ಜಾತ್ರೆ ಜನವರಿಲಿ. ಮೈಸೂರಿನ ಅಡ್ಮಿಷನ್ನಿಗೆ ಸೋಮವಾರ ಲಾಸ್ಟ್ ಡೇಟು. ಅಮ್ಮ ಫಾರಮ್ಮಿಗೆ ಸಹಿ ಹಾಕಿ ಆಗಿದೆ