ಮನೆಯ ಎಲ್ಲ ಸಾಧನಗಳಿಗೂ ಒಂದೇ ಯುಎಸ್‌ಬಿ ಹಾರ್ಡ್ ಡಿಸ್ಕ್: ರೌಟರಿಗೆ ಜೋಡಿಸುವುದು ಹೇಗೆ?

ತುಂಗಾತೀರ ಅವರ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ನಮ್ಮ ಮನೆಯ ಕೆಳ ಅಂತಸ್ತಿನಲ್ಲಿ ಇಂಟರ್‌ನೆಟ್ ಕಂಪನಿಯವರು ಕೂರಿಸಿದ ಫೈಬರ್ ಮೋಡೆಮ್ ಇದೆ. ವೈ-ಫೈ ಕೂಡ ಅದರಿಂದಲೇ ಬರುತ್ತದೆ. ಮಹಡಿಗೆ ಸಿಗ್ನಲ್ ಸಾಲದ ಕಾರಣ ಅಲ್ಲಿಯವರೆಗೆ ಲ್ಯಾನ್ ಕೇಬಲ್ ಎಳೆಸಿ, ಯುಎಸ್‌ಬಿ 3.0 ಪೋರ್ಟ್ ಇರುವ ಇನ್ನೊಂದು ರೌಟರನ್ನು ಇಟ್ಟಿದ್ದೇವೆ. ಕುಟುಂಬದ ಫೋಟೊಗಳೂ ತಂದೆಯವರು ಕ್ಯಾಸೆಟ್‌ಗಳಿಂದ ಕಂಪ್ಯೂಟರಿಗೆ ಇಳಿಸಿಕೊಂಡ ತಾಳಮದ್ದಳೆಯ ಧ್ವನಿಮುದ್ರಣಗಳೂ ಇರುವ 2 ಟಿಬಿಯ ಸಣ್ಣ ಹಾರ್ಡ್ ಡಿಸ್ಕನ್ನು ಈ ರೌಟರಿಗೆ ಜೋಡಿಸಿ, ಮನೆಯವರೆಲ್ಲರೂ ತಮ್ಮ ತಮ್ಮ ಸಾಧನದಿಂದಲೇ ತೆರೆಯುವಂತೆ ಮಾಡಬೇಕೆಂಬುದು ನನ್ನ ಉದ್ದೇಶ.

ಮಹಡಿಯಲ್ಲಿ ಮೊಬೈಲ್‌ನಿಂದ ಡಿಸ್ಕ್ ತೆರೆಯುತ್ತದೆ. ಆದರೆ ಕೆಳಗಿನ ಟಿವಿಗೆ ಅದು ಕಾಣಿಸುವುದೇ ಇಲ್ಲ. ವಿಂಡೋಸ್ 11 ಪ್ರೊ ಇರುವ ಲ್ಯಾಪ್‌ಟಾಪ್ ಮಹಡಿಯ ವೈ-ಫೈಯಲ್ಲೇ ಇದ್ದರೂ, ಡಿಸ್ಕ್ ತೆರೆಯಲು ಹೋದರೆ ಭದ್ರತೆಯ ಕಾರಣ ತೋರಿಸಿ ತಡೆಯುತ್ತದೆ. ನೆಟ್‌ವರ್ಕ್‌ನಲ್ಲಿ ಫೈಲ್ ಹಂಚಿಕೊಳ್ಳುವ ಹಳೆಯ ವಿಧಾನವಾದ ಎಸ್‌ಎಂಬಿ 1 ಚಾಲೂ ಮಾಡಿದರೆ ಸರಿಹೋಗುತ್ತದೆಂದು ಪರಿಚಿತರೊಬ್ಬರು ಹೇಳಿದರು. ಇದಲ್ಲದೆ, ದೊಡ್ಡ ಫೋಲ್ಡರನ್ನು ನಕಲಿಸುವಾಗ ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡಿ ಸಂಪರ್ಕ ಕಳೆದುಕೊಳ್ಳುತ್ತದೆ. ನಮ್ಮಲ್ಲಿ ಕರೆಂಟು ಆಗಾಗ ಹೋಗುತ್ತದೆ, ಇನ್ವರ್ಟರ್ ಇಲ್ಲ. ತಿಳಿದವರು ದಾರಿ ತೋರಿಸಬೇಕಾಗಿ ವಿನಂತಿ.

ತಂತಿಜಾಲ ಅವರ ಉತ್ತರ:

ಟಿವಿಯ ತೊಂದರೆಯನ್ನು ಮೊದಲು ನೋಡೋಣ, ಏಕೆಂದರೆ ಅದರ ಮೂಲ ಡಿಸ್ಕಿನಲ್ಲಿಲ್ಲ. ಟಿವಿಯ ಐಪಿ ವಿಳಾಸವನ್ನೂ ಮಹಡಿಯ ಮೊಬೈಲ್‌ನ ಐಪಿ ವಿಳಾಸವನ್ನೂ ಹೋಲಿಸಿ ನೋಡಿ. ಒಂದು 192.168.1 ಎಂದೂ ಇನ್ನೊಂದು 192.168.0 ಎಂದೂ ಆರಂಭವಾಗುತ್ತಿದ್ದರೆ, ನಿಮ್ಮ ಮನೆಯಲ್ಲಿ ನಿಮಗೆ ಅರಿವಿಲ್ಲದೆಯೇ ಎರಡು ಬೇರೆ ಬೇರೆ ನೆಟ್‌ವರ್ಕ್‌ಗಳು ಇವೆ ಎಂದರ್ಥ. ಮೇಲಿನ ರೌಟರ್ ಕೆಳಗಿನ ಮೋಡೆಮ್ಮನ್ನು ಹೊರಗಿನ ಇಂಟರ್‌ನೆಟ್ ಎಂದೇ ಭಾವಿಸುತ್ತದೆ. ಆದ್ದರಿಂದ ಮೇಲಿನವರು ಕೆಳಗಿನ ಸಾಧನಗಳನ್ನು ತಲುಪಬಹುದಾದರೂ, ಕೆಳಗಿನಿಂದ ಬರುವ ಕೋರಿಕೆಯನ್ನು ಅದು ಅಪರಿಚಿತರದೆಂದು ಬಾಗಿಲಲ್ಲೇ ತಡೆಯುತ್ತದೆ. ಮೇಲಿನ ರೌಟರಿನ ಸೆಟ್ಟಿಂಗ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಆರಿಸಿಕೊಂಡರೆ ವಿಳಾಸ ಹಂಚುವ ಕೆಲಸ ಮೋಡೆಮ್ ಒಂದಕ್ಕೇ ಉಳಿದು, ಇಡೀ ಮನೆ ಒಂದೇ ನೆಟ್‌ವರ್ಕ್ ಆಗುತ್ತದೆ. ಕೆಲವು ರೌಟರ್‌ಗಳು ಆ ಮೋಡ್‌ನಲ್ಲಿ ಯುಎಸ್‌ಬಿ ಹಂಚಿಕೆಯನ್ನೇ ನಿಲ್ಲಿಸುತ್ತವೆ. ನಿಮ್ಮದೂ ಹಾಗಿದ್ದರೆ ಮೋಡ್ ಬದಲಿಸದೆ ಡಿಎಚ್‌ಸಿಪಿಯನ್ನು (ವಿಳಾಸ ಹಂಚುವ ಸೌಲಭ್ಯವನ್ನು) ಮಾತ್ರ ನಿಲ್ಲಿಸಿ, ರೌಟರಿಗೆ ಮೋಡೆಮ್ಮಿನ ಸಾಲಿನದೇ ಒಂದು ಖಾಲಿ ವಿಳಾಸ ಕೊಟ್ಟು, ಕೇಬಲನ್ನು ವ್ಯಾನ್ (ಇಂಟರ್‌ನೆಟ್ ಒಳಬರುವ) ಪೋರ್ಟಿನ ಬದಲು ಲ್ಯಾನ್ ಪೋರ್ಟಿಗೆ ಸಿಕ್ಕಿಸಿ.

ಎಸ್‌ಎಂಬಿ 1 ಅನ್ನು ದಯವಿಟ್ಟು ಚಾಲೂ ಮಾಡಬೇಡಿ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ, ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ದಾಳಿ ಒಳನುಗ್ಗಿದ್ದು ಅದರಲ್ಲಿದ್ದ ದೋಷದ ಮೂಲಕವೇ. ಅದೇ ವರ್ಷ ಬಂದ ವಿಂಡೋಸ್ 10ರ 1709ನೆಯ ಆವೃತ್ತಿಯಿಂದ ಮೈಕ್ರೋಸಾಫ್ಟ್ ಅದನ್ನು ತಾನಾಗಿ ಅಳವಡಿಸುವುದನ್ನೇ ಕೈಬಿಟ್ಟಿತು. ನಿಮ್ಮ ರೌಟರಿನ ಫರ್ಮ್‌ವೇರನ್ನು (ಅದರೊಳಗಿನ ತಂತ್ರಾಂಶವನ್ನು) ಅಪ್‌ಡೇಟ್ ಮಾಡಿ, ಹಂಚಿಕೆಯ ಪುಟದಲ್ಲಿ ಎಸ್‌ಎಂಬಿ 2 ಅಥವಾ 3 ಇದೆಯೇ ನೋಡಿ. ಇಲ್ಲದಿದ್ದರೆ ಆ ರೌಟರ್ ಈ ಕೆಲಸಕ್ಕೆ ಯೋಗ್ಯವಲ್ಲ ಎಂದೇ ನನ್ನ ಅಭಿಪ್ರಾಯ. ಇದ್ದೂ ವಿಂಡೋಸ್ ತಡೆಯುತ್ತಿದ್ದರೆ, ಬಹುಶಃ ನೀವು ಪಾಸ್‌ವರ್ಡ್ ಇಲ್ಲದೆ ಅತಿಥಿಯಾಗಿ ಪ್ರವೇಶಿಸುತ್ತಿದ್ದೀರಿ. ವಿಂಡೋಸ್ 11 ಪ್ರೊ 24ಎಚ್2 ಆವೃತ್ತಿ ಅದಕ್ಕೆ ಅವಕಾಶ ಕೊಡುವುದಿಲ್ಲ. ರೌಟರಿನಲ್ಲಿ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ನಿಗದಿಪಡಿಸಿ, ಲ್ಯಾಪ್‌ಟಾಪಿನಲ್ಲಿ ನೆಟ್‌ವರ್ಕ್ ಪಟ್ಟಿಯನ್ನು ಹುಡುಕುತ್ತ ಕೂರದೆ ಫೈಲ್ ಎಕ್ಸ್‌ಪ್ಲೋರರ್‌ನ ವಿಳಾಸಪಟ್ಟಿಯಲ್ಲಿ \\192.168.1.50 ಎಂಬ ರೀತಿಯಲ್ಲಿ ರೌಟರಿನ ವಿಳಾಸವನ್ನೇ ನಮೂದಿಸಿ.

ಕಬ್ಬಿಣದಕಡಲೆ ಅವರ ಉತ್ತರ:

ಮೇಲಿನವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಟಿಕ್ ಟಿಕ್ ಸದ್ದಿನ ಬಗ್ಗೆ ಮಾತ್ರ ಬರೆಯುತ್ತೇನೆ. ಬೇರೇನನ್ನೂ ಮಾಡುವ ಮುನ್ನ ಡಿಸ್ಕನ್ನು ನೇರವಾಗಿ ಕಂಪ್ಯೂಟರಿಗೆ ಜೋಡಿಸಿ, ಅದರಲ್ಲಿರುವುದೆಲ್ಲವನ್ನೂ ಇನ್ನೊಂದು ಕಡೆ ನಕಲು ಮಾಡಿಕೊಳ್ಳಿ. ಅಲ್ಲಿಯೂ ಸದ್ದು ಬಂದರೆ ಡಿಸ್ಕೇ ಕೆಡುತ್ತಿದೆ ಎಂದು ತಿಳಿಯಬೇಕು. ಅಲ್ಲಿ ಸುಮ್ಮನಿದ್ದು ರೌಟರಿನಲ್ಲಿ ಮಾತ್ರ ಸದ್ದು ಮಾಡಿದರೆ ವಿದ್ಯುತ್ ಸಾಲುತ್ತಿಲ್ಲ. ನಿಯಮದ ಪ್ರಕಾರ ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪಿಯರ್, 3.0 ಪೋರ್ಟ್ 900 ಮಿಲಿಆಂಪಿಯರ್ ಕೊಡಬೇಕು. ಆದರೆ ಡಿಸ್ಕಿನ ತಟ್ಟೆಗಳು ತಿರುಗಲು ಆರಂಭಿಸುವ ಕ್ಷಣದಲ್ಲಿ ಇದಕ್ಕಿಂತ ಹೆಚ್ಚು ಬೇಕಾಗುವುದುಂಟು, ಮತ್ತು ಅಗ್ಗದ ಅಡಾಪ್ಟರ್ ಇರುವ ರೌಟರ್‌ಗಳು ನಿಯಮದಷ್ಟನ್ನೂ ಕೊಡಲಾರವು. ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಒಂದನ್ನು ನಡುವೆ ಇಟ್ಟರೆ ಈ ತೊಂದರೆ ತಪ್ಪುತ್ತದೆ.

ಕರೆಂಟು ಹೋಗುವ ಊರಿನಲ್ಲಿ ಒಂದು ಸೂಕ್ಷ್ಮವಿದೆ. ರೌಟರಿಗೆಂದೇ ಸಿಗುವ 12 ವೋಲ್ಟಿನ ಪುಟ್ಟ ಯುಪಿಎಸ್ ಹಾಕಿ, ಹಬ್ಬನ್ನು ಗೋಡೆಯ ಸಾಕೆಟ್ಟಿನಲ್ಲೇ ಬಿಟ್ಟರೆ, ಕರೆಂಟು ಹೋದಾಗ ರೌಟರ್ ಓಡುತ್ತಲೇ ಇರುತ್ತದೆ, ಡಿಸ್ಕ್ ಮಾತ್ರ ಬರೆಯುವಾಗಲೇ ನಿಂತುಹೋಗುತ್ತದೆ. ಎರಡಕ್ಕೂ ಯುಪಿಎಸ್ ಇರಬೇಕು. ಇದೇ ಕಾರಣಕ್ಕೆ ಡಿಸ್ಕಿಗೆ ಎಕ್ಸ್‌ಫ್ಯಾಟ್ ಫಾರ್ಮ್ಯಾಟ್ ನಿಮಗೆ ಬೇಡ; ಅರ್ಧಕ್ಕೆ ನಿಂತ ಬರವಣಿಗೆಯನ್ನು ಸರಿಪಡಿಸಲು ನೆರವಾಗುವ ಜರ್ನಲ್ ವ್ಯವಸ್ಥೆ ಅದರಲ್ಲಿ ಇಲ್ಲ. ಹಳೆಯ ಫ್ಯಾಟ್32 ಫಾರ್ಮ್ಯಾಟಿನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ. ಮುಂದೆ ಎಂದಾದರೂ ಡಿಸ್ಕನ್ನು ಬಿಚ್ಚಿ ವಿಂಡೋಸ್‌ಗೆ ಹಾಕಬೇಕಾಗುವುದರಿಂದ ವಿಂಡೋಸ್‌ನದೇ ಆದ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಸೂಕ್ತ.

ತುಂಗಾತೀರ:

ಇಬ್ಬರಿಗೂ ಕೃತಜ್ಞತೆಗಳು. ಆಕ್ಸೆಸ್ ಪಾಯಿಂಟ್ ಮೋಡಿಗೆ ಬದಲಿಸಿದ ಮೇಲೆ ಟಿವಿಯಲ್ಲಿ ಡಿಸ್ಕ್ ಕಾಣುತ್ತಿದೆ, ಪಾಸ್‌ವರ್ಡ್ ಇಟ್ಟ ಮೇಲೆ ಲ್ಯಾಪ್‌ಟಾಪಿನಲ್ಲೂ ತೆರೆಯುತ್ತಿದೆ. ಕಂಪ್ಯೂಟರಿಗೆ ನೇರವಾಗಿ ಜೋಡಿಸಿದಾಗ ಡಿಸ್ಕ್ ಸದ್ದು ಮಾಡಲಿಲ್ಲ, ಆದ್ದರಿಂದ ಹಬ್ ಕೊಳ್ಳಬೇಕೆಂದಿದ್ದೇನೆ. ನಕಲಿಸುವ ವೇಗ ಮಾತ್ರ ಸೆಕೆಂಡಿಗೆ ಸುಮಾರು 20 ಎಂಬಿ ದಾಟುತ್ತಿಲ್ಲ. ಬೆಂಗಳೂರಿನಲ್ಲಿರುವ ಮಗಳೂ ಫೋಟೊಗಳನ್ನು ನೋಡಲೆಂದು ರೌಟರಿನ ಎಫ್‌ಟಿಪಿ (ದೂರದಿಂದ ಫೈಲ್ ತರಿಸಿಕೊಳ್ಳುವ) ಸೌಲಭ್ಯವನ್ನು ಇಂಟರ್‌ನೆಟ್‌ಗೆ ತೆರೆದಿಡಬಹುದೇ?

ಹಳೆಯಂತ್ರ ಅವರ ಉತ್ತರ:

ಎಫ್‌ಟಿಪಿ ತೆರೆಯಬೇಡಿ. ಸಾಮಾನ್ಯ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಯಾವ ಗೂಢಲಿಪಿಯೂ ಇಲ್ಲದೆ ಹಾಗೆಯೇ ಸಾಗುತ್ತದೆ. ಅಲ್ಲದೆ ನಮ್ಮ ದೇಶದ ಅನೇಕ ಸಂಪರ್ಕಗಳಲ್ಲಿ ಮನೆಗೆಂದು ಪ್ರತ್ಯೇಕ ಸಾರ್ವಜನಿಕ ವಿಳಾಸವೇ ಇರುವುದಿಲ್ಲವಾದ್ದರಿಂದ, ಪೋರ್ಟ್ ತೆರೆದರೂ ಹೊರಗಿನವರಿಗೆ ಅದು ಸಿಗುವ ಭರವಸೆಯಿಲ್ಲ.

ವೇಗದ ವಿಷಯದಲ್ಲಿ ಕೇಬಲನ್ನು ದೂರುವಂತಿಲ್ಲ. ಎಳೆಸಿದ ಕೇಬಲಿನಲ್ಲಿ ನಾಲ್ಕೇ ತಂತಿಗಳು ಕೂಡಿದ್ದರೆ ಸಂಪರ್ಕ 100 ಎಂಬಿಪಿಎಸ್‌ಗೆ (ಸೆಕೆಂಡಿಗೆ 100 ಮೆಗಾಬಿಟ್‌ಗೆ) ಇಳಿದು, ಸೆಕೆಂಡಿಗೆ 12 ಎಂಬಿ ಕೂಡ ದಾಟುತ್ತಿರಲಿಲ್ಲ. ಗಿಗಾಬಿಟ್ ಸಂಪರ್ಕವಾದರೆ ಸೆಕೆಂಡಿಗೆ 110 ಎಂಬಿಯ ಆಸುಪಾಸು ಸಾಧ್ಯ. 20ಕ್ಕೆ ನಿಂತಿದೆಯೆಂದರೆ ವೈ-ಫೈ ಅಥವಾ ರೌಟರಿನ ಪ್ರೊಸೆಸರ್ ಸೋಲುತ್ತಿದೆ. ಲ್ಯಾಪ್‌ಟಾಪನ್ನು ಕೇಬಲಿನಿಂದ ಜೋಡಿಸಿ ಒಮ್ಮೆ ಪರೀಕ್ಷಿಸಿದರೆ ಯಾವುದೆಂದು ತಿಳಿಯುತ್ತದೆ. ಯುಎಸ್‌ಬಿ 3.0 ಸಾಧನಗಳು 2.4 ಗಿಗಾಹರ್ಟ್ಸ್ ವೈ-ಫೈಗೆ ಅಡ್ಡಿ ಮಾಡುತ್ತವೆಂದು ಇಂಟೆಲ್ 2012ರಲ್ಲೇ ತೋರಿಸಿಕೊಟ್ಟಿದೆ. ಡಿಸ್ಕನ್ನು ರೌಟರಿನ ಆಂಟೆನಾದಿಂದ ಸ್ವಲ್ಪ ದೂರವಿಟ್ಟು, 5 ಗಿಗಾಹರ್ಟ್ಸ್ ಬಳಸಿ ನೋಡಿ.

ಹಬ್ ಮತ್ತು ಅದಕ್ಕೊಂದು ಯುಪಿಎಸ್ ಕೊಳ್ಳುವ ಸಲಹೆಗೆ ಮಾತ್ರ ನನ್ನ ಸಮ್ಮತಿಯಿಲ್ಲ. ಮನೆಯಲ್ಲಿ ಬಳಸದೆ ಬಿದ್ದಿರುವ ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದಕ್ಕೆ ಓಪನ್‌ಮೀಡಿಯಾವಾಲ್ಟ್ (ಡೆಬಿಯನ್ ಲಿನಕ್ಸ್ ಆಧಾರಿತ, ಡಿಸ್ಕ್ ಹಂಚಲೆಂದೇ ಇರುವ ಉಚಿತ ತಂತ್ರಾಂಶ) ಹಾಕಿ, ಡಿಸ್ಕನ್ನು ಅದಕ್ಕೆ ಜೋಡಿಸಿ, ಲ್ಯಾಪ್‌ಟಾಪನ್ನು ಕೇಬಲಿನಿಂದ ರೌಟರಿಗೆ ಸೇರಿಸಿ. ಅದರ ಬ್ಯಾಟರಿಯೇ ಡಿಸ್ಕಿಗೂ ಯುಪಿಎಸ್ ಆಗುತ್ತದೆ, ಪ್ರೊಸೆಸರ್ ರೌಟರಿಗಿಂತ ಎಷ್ಟೋ ಶಕ್ತವಾಗಿರುತ್ತದೆ, ಮತ್ತು ದೂರದ ಸಾಧನಗಳನ್ನು ಖಾಸಗಿಯಾಗಿ ಜೋಡಿಸುವ ಟೇಲ್‌ಸ್ಕೇಲ್ ಎಂಬ ತಂತ್ರಾಂಶ ಹಾಕಿಕೊಂಡರೆ ಮಗಳು ಯಾವ ಪೋರ್ಟನ್ನೂ ತೆರೆಯದೆ ಬೆಂಗಳೂರಿನಿಂದ ಫೋಟೊ ನೋಡಬಹುದು. ಇದೇ ಬಗೆಯ ವೈರ್‌ಗಾರ್ಡ್ ಹಾಕಿದರೆ ಸಾಮಾನ್ಯವಾಗಿ ಒಂದು ಪೋರ್ಟ್ ತೆರೆಯಬೇಕಾಗುತ್ತದೆ, ಆದ್ದರಿಂದ ಸಾರ್ವಜನಿಕ ವಿಳಾಸ ಇಲ್ಲದಿದ್ದಲ್ಲಿ ಟೇಲ್‌ಸ್ಕೇಲ್ ಸುಲಭ. 15ರಿಂದ 20 ವ್ಯಾಟ್ ಎಳೆಯುವ ಯಂತ್ರ ಹಗಲು ರಾತ್ರಿ ಓಡಿದರೆ ತಿಂಗಳಿಗೆ 11ರಿಂದ 15 ಯೂನಿಟ್ ಖರ್ಚಾಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ತಾಳಮದ್ದಳೆಯ ಧ್ವನಿಮುದ್ರಣಗಳ ಇನ್ನೊಂದು ಪ್ರತಿ ಯಾವ ಯಂತ್ರಕ್ಕೂ ಜೋಡಿಸದ ಬೇರೊಂದು ಡಿಸ್ಕಿನಲ್ಲಿ ಇರಲೇಬೇಕು, ಏಕೆಂದರೆ ಹಂಚಿಕೊಂಡ ಡಿಸ್ಕಿನಲ್ಲಿ ಯಾರೋ ಒಬ್ಬರು ಅಳಿಸಿದರೆ ಎಲ್ಲರಿಗೂ ಅಳಿಯುತ್ತದೆ.

ಕಬ್ಬಿಣದಕಡಲೆ:

ಹಳೆಯ ಲ್ಯಾಪ್‌ಟಾಪಿನ ಉಪಾಯ ನನ್ನದಕ್ಕಿಂತ ಉತ್ತಮವಾದದ್ದು, ಒಪ್ಪಿದೆ. ಆದರೆ ಸದಾ ಚಾರ್ಜರಿನಲ್ಲಿರುವ ಹಳೆಯ ಬ್ಯಾಟರಿ ಉಬ್ಬುವುದುಂಟು. ಮೊದಲೇ ಉಬ್ಬಿದ್ದರೆ ಅದನ್ನು ಬಳಸಲೇಬೇಡಿ, ಇಲ್ಲದಿದ್ದರೆ ಚಾರ್ಜನ್ನು ಶೇಕಡಾ 80ಕ್ಕೆ ನಿಲ್ಲಿಸುವ ಸೌಲಭ್ಯ ಬಯೋಸ್‌ನಲ್ಲಿ (ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗ್‌ನಲ್ಲಿ) ಇದೆಯೇ ನೋಡಿಕೊಳ್ಳಿ.